ವೀಳ್ಯ ಹಿಡಿದು ಬಿಟ್ಟುಕೊಟ್ಟ ದಾವೆ

ನಮ್ಮ ಯಜಮಾನರು ಟಿ. ನರಸೀಪುರದ ಒಂದು ಅಕ್ಕಿ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿದ್ದರು. ನಂಜನಗೂಡಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮೈತುಂಬ ತೌಡಿನ ದೂಳು ಹೊತ್ತು ಬರುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನಿವೃತ್ತರಾದರು. ಸಾಹುಕಾರರು ಹಾರ ಹಾಕಿಯೇ ಕಳಿಸಿದರು. ಗ್ರ್ಯಾಚುಯಿಟಿ ಕೇಳಲು ಹೋದಾಗ ಮಾತ್ರ, “ನೀವು ಸುಗ್ಗಿ ಕಾಲದ ಕೆಲ್ಸದೋರು, ಖಾಯಂ ಅಲ್ವಲ್ಲ” ಅಂದರಂತೆ. ಅವತ್ತು ಇವರು ಊಟಕ್ಕೆ ಏಳಲಿಲ್ಲ.

“ಇಪ್ಪತ್ತಾರು ವರ್ಸ ಒಂದೇ ಕುರ್ಚಿ ಕಣೇ. ಅಷ್ಟುದ್ದದ ಸುಗ್ಗಿ ಯಾವೂರಲ್ಲಿ ಆಯ್ತದೆ?”

ದಾವೆ ಹಾಕಿದರು. ಎರಡು ವರ್ಷವಾದ ಮೇಲೆ ನ್ಯಾಯಾಧೀಶರು, ಇಬ್ಬರಿಗೂ ಬೇಕಾದ ಹಿರಿಯರನ್ನು ಕೂರಿಸಿಕೊಂಡು ರಾಜಿಗೆ ನೋಡಿ ಅಂದರು. ಮಠದ ಶಾಲೆಯಲ್ಲಿ ಪಾಠ ಹೇಳಿದ್ದ ವೃದ್ಧರೊಬ್ಬರಿದ್ದರು, ಊರೆಲ್ಲ ಬುದ್ಧಿಯವರು ಅನ್ನುತ್ತಿತ್ತು. ಅವರ ಮನೆಯ ಚಾಪೆಯ ಮೇಲೆ ನಾವು ನಾಲ್ಕೇ ಜನ ಕೂತೆವು. ಸಾಹುಕಾರರು ಕೈಮುಗಿದು, “ಬುದ್ಯೋರು ಹೇಳಿದ್ಮೇಲೆ ನಂದೇನೈತೆ? ಖಾಯಂ ಅಂತ್ಲೇ ಒಪ್ಕೊತೀನಿ, ಬರ್ಬೇಕಾದ್ದು ಕೊಡ್ತೀನಿ” ಅಂದರು. ಬುದ್ಧಿಯವರು ಇಬ್ಬರ ಕೈಗೂ ವೀಳ್ಯ ಕೊಟ್ಟರು.

ಒಪ್ಪಿದ್ದನ್ನು ಬರೆಸಿ ರುಜು ಹಾಕಿಸಿಕೊಳ್ಳಿ ಎಂದು ನಮ್ಮ ವಕೀಲರು ಮೊದಲೇ ಹೇಳಿದ್ದರು. ಇವರು ಚೀಲದಿಂದ ಕಾಗದ, ಪೆನ್ನು ತೆಗೆದರು. ತಡೆದವಳು ನಾನು. “ಬುದ್ಯೋರ ಕೈಯಿಂದ ವೀಳ್ಯ ಈಸ್ಕೊಂಡ್ಮೇಲೆ ಬರೆಯೋದೇನ್ರೀ? ಅವ್ರಿಗೆ ಅವಮಾನ ಮಾಡ್ದಂಗಾಯ್ತದೆ” ಎಂದು ಪಿಸುಗುಟ್ಟಿದೆ. ನಮ್ಮಲ್ಲಿ ಹೆಣ್ಣು ಗೊತ್ತು ಮಾಡುವುದಾಗಲಿ, ಹೊಲದ ಬದುವಿನ ತಕರಾರಾಗಲಿ, ಹಿರಿಯರ ಮುಂದೆ ಎಲೆ ಅಡಿಕೆ ಹಿಡಿದರೆ ಮುಗಿಯಿತು. ಇವರು ನನ್ನ ಮುಖ ನೋಡಿ ಪೆನ್ನು ಮುಚ್ಚಿದರು. ಮುಂದಿನ ವಾರ, ರಾಜಿಯಾಗಿದೆ ಎಂದು ಬರೆದುಕೊಟ್ಟು ದಾವೆ ವಾಪಸು ತೆಗೆದರು.

ಒಂದು ವರ್ಷ ಕಾದೆವು. ಅಷ್ಟರಲ್ಲಿ ಬುದ್ಧಿಯವರು ಲಿಂಗೈಕ್ಯರಾದರು. ಇಬ್ಬರೂ ಗಿರಣಿಗೆ ಹೋದಾಗ ಸಾಹುಕಾರರು ಕುರ್ಚಿಯಿಂದ ಏಳಲೂ ಇಲ್ಲ.

“ಯಾವ ಒಪ್ಪಂದಾಮ್ಮ? ಎಲೆ ಅಡ್ಕೆ ಹಾಕ್ಕೊಂಡು ಬಾಯಿ ಕೆಂಪು ಮಾಡ್ಕೊಂಡು ಹೋದ್ರಿ, ಅಷ್ಟೇ ಕಣಮ್ಮ.”

ವಾಪಸು ಬರುವ ಬಸ್ಸಿನಲ್ಲಿ ಇವರು ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟರು. ಒಂದು ಮಾತೂ ಬೈಯಲಿಲ್ಲ. ಶಿವ ತೋರಿದ ಕರುಣೆಗಳಲ್ಲಿ ಅದನ್ನೂ ಸೇರಿಸುತ್ತೇನೆ. ಅವತ್ತು ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

“ರಾಜಿ ಮುರಿದುಬಿತ್ತು, ದಾವೆ ಮತ್ತೆ ತೆಗೀರಿ ಅಂತ ಅರ್ಜಿ ಹಾಕ್ಬೇಕು” ಅಂದರು ವಕೀಲರು. “ಅಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರಿದ್ದಾರೆ?”

“ನಾನ್ ಹೇಳ್ತೀನಿ” ಅಂದೆ.

“ಬ್ಯಾಡ ಕಣೇ. ನಾಕು ಜನದ ಮುಂದೆ ನಿಲ್ಸಿ ನಗ್ತಾರೆ” ಅಂದರು ಇವರು. ಆಗಲೇ ಎದೆಯಲ್ಲಿ ಗೊರಗೊರ ಶುರುವಾಗಿತ್ತು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು.

ವಿಭೂತಿ ಇಟ್ಟುಕೊಂಡು ಹೋಗಿ ಕಟಕಟೆಯಲ್ಲಿ ನಿಂತೆ. ಎದುರು ಪಕ್ಷದ ವಕೀಲರು, “ಕಾಗದ ಎಲ್ಲಮ್ಮ?” ಅಂದರು.

“ನಾನೇ ಬ್ಯಾಡ ಅಂದೆ ಸಾಮಿ.”

“ಯಾಕೆ?”

“ಬುದ್ಯೋರ ಮುಂದೆ ಕೂತು ಸುಳ್ಳು ಹೇಳ್ತಾರೆ ಅಂತ ಗೊತ್ತಿರ್ಲಿಲ್ಲ.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದ ಇವರಿಗೆ ಒಂದು ಕುರ್ಚಿ ಕೊಡಿಸಿದರು. ಅವರನ್ನು ಹೆತ್ತ ತಾಯಿಯ ಹೊಟ್ಟೆ ತಣ್ಣಗಿರಲಿ. ದಾವೆಯನ್ನು ಮತ್ತೆ ನಡೆಸಬೇಕೆಂದು ಆಜ್ಞೆಯಾಯಿತು. ಇವರು ಅದರ ನಕಲನ್ನು ಮನೆಯಲ್ಲಿ ಮೂರು ಸಲ ಓದಿ, “ಖಾಯಂ ಅಂತ ಒಂದ್ಸಲ ಬರ್ದುಬುಟ್ರೆ ಸಾಕು ಕಣೇ” ಅಂದರು.

ವಾಯಿದೆಗೆ ಹನ್ನೆರಡು ದಿನ ಇರುವಾಗ ಹೋಗಿಬಿಟ್ಟರು. ನೀರು ಕೇಳಿದರು, ಕುಡಿಸಿದೆ, ಒಂದು ಗುಟುಕು ಒಳಗೆ ಹೋಯಿತು. ಅಷ್ಟಾದರೂ ಆಯಿತಲ್ಲ.

ವಾಯಿದೆಯ ದಿನ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಇವರ ಹೆಸರನ್ನು ಮೂರು ಸಲ ಕೂಗಿದ. ನಾನೇ ಎದ್ದು ಒಳಗೆ ಹೋದೆ. ಇವರ ಜಾಗಕ್ಕೆ ನನ್ನನ್ನು ಸೇರಿಸಿಕೊಳ್ಳುವ ಅರ್ಜಿಯನ್ನು ನಮ್ಮ ವಕೀಲರು ಓದಿದರು: ಖಾಯಂ ಗುಮಾಸ್ತರಾಗಿದ್ದ ದಿವಂಗತರ ಹೆಂಡತಿ. ಎದುರು ಪಕ್ಷದ ವಕೀಲರು ತಕ್ಷಣ ಎದ್ದು ನಿಂತರು.

“ಹೆಂಡತಿ ಅನ್ನೋದಕ್ಕೆ ನಮ್ಮ ತಕರಾರಿಲ್ಲ ಸ್ವಾಮಿ. ಖಾಯಂ ಅನ್ನೋದಕ್ಕಿದೆ.”

ಮುಂದಿನ ತಾರೀಖು ಕೊಟ್ಟರು.