ಬಲಗಡೆ ಕುಳಿತಿದ್ದ ಟೀಚರ್

ಟೀಚರ ಬಲಗೈಯ ಮಣಿಕಟ್ಟು ಒಳಕ್ಕೆ ತಿರುಗಿತ್ತು. ಎಂದೋ ಮುರಿದ ಎಲುಬು ಸರಿಯಾಗಿ ಕೂಡಿಕೊಂಡಿರಲಿಲ್ಲ. ಬೋರ್ಡಿನ ಮೇಲೆ ಬರೆಯಬೇಕಾದರೆ ಅವರು ಮೊಣಕೈಯನ್ನು ಭುಜದ ಎತ್ತರಕ್ಕೆತ್ತಿ ಇಡೀ ತೋಳನ್ನೇ ತಿರುಗಿಸುತ್ತಿದ್ದರು. ಬಲ್ಮಠದ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು ಅವರು. ಕಾರು ಓಡಿಸಲು ಹೋಗಿ ಗಂಡನ ಜೀವ ತೆಗೆದವರಂತೆ ಎಂದು ಹಿಂದಿನ ಬೆಂಚಿನಲ್ಲಿ ಪಿಸುಮಾತು ನಡೆಯುತ್ತಿತ್ತು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ ಉರ್ವದ ಬಸ್ಸು ಹತ್ತಿದರೆ ಇಳಿಜಾರಿಗೆ ಮೊದಲೇ ಇಳಿದು, ಮಳೆಯಿರಲಿ ಬಿಸಿಲಿರಲಿ, ಮನೆಯವರೆಗೆ ನಡೆದೇ ಹೋಗುತ್ತಿದ್ದರು.

ಪಾಠ ಓದುವಾಗ ನಾವು ತಡವರಿಸಿದರೆ ಗದರುತ್ತಿರಲಿಲ್ಲ. "ಎಲ್ಲಿ ಹೆದರಿಕೆ ಆಗ್ತದೆ? ಆ ಶಬ್ದದ ಮೇಲೆ ಬೆರಳಿಡು," ಎನ್ನುತ್ತಿದ್ದರು. ಬೆರಳಿಟ್ಟ ಶಬ್ದವನ್ನು ನಮ್ಮ ಜೊತೆ ಮೆಲ್ಲಗೆ ಓದುತ್ತಿದ್ದರು.

ನಾನು ಪಡೀಲಿನಲ್ಲಿ ಗ್ಯಾರೇಜು ಹಾಕಿ ಎಷ್ಟೋ ವರ್ಷಗಳ ಮೇಲೆ ಅವರ ಫೋನು ಬಂತು. "ಮನೆಗೆ ಬಾ ಮಾರಾಯ. ಶೆಡ್ಡಿನ ಬಾಗಿಲು ತೆಗೀಬೇಕು. ನನ್ನಿಂದ ಆಗುದಿಲ್ಲ."

ಬೀಗ ತುಕ್ಕು ಹಿಡಿದಿರಬೇಕೆಂದು ಎಣ್ಣೆ ಹಿಡಿದುಕೊಂಡು ಹೋದೆ. ಬೀಗ ಚೆನ್ನಾಗಿಯೇ ಇತ್ತು. ಕೀಲಿಕೈ ನನ್ನ ಅಂಗೈಯಲ್ಲಿಟ್ಟು ಟೀಚರ್ ಬಾವಿಕಟ್ಟೆಯ ಆಚೆಗೆ ಹೋಗಿ ನಿಂತರು.

ಟಾರ್ಪಾಲಿನ ಕೆಳಗೆ ಅಮೆರಿಕದ ಕಾರು. ಎರಡೇ ಬಾಗಿಲು, ಹಾಸಿಗೆಯಷ್ಟು ಉದ್ದದ ಬಾನೆಟ್ಟು, ಎಂಟು ಸಿಲಿಂಡರಿನ ಎಂಜಿನ್. ಈಗಿನವರು ಮಸಲ್ ಕಾರ್ ಎಂದು ಹೇಳುವ ಜಾತಿ. ನಮ್ಮ ದೇಶದಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ಅವರ ಗಂಡ ಕುವೈತಿನ ಕೆಲಸ ಬಿಟ್ಟು ಬರುವಾಗ ಹಡಗಿನಲ್ಲಿ ತಂದದ್ದಂತೆ. ಬಲಗಡೆಯ ಮಡ್‌ಗಾರ್ಡ್ ಹೆಡ್‌ಲೈಟಿನ ಸಮೇತ ಒಳಕ್ಕೆ ಕುಸಿದಿತ್ತು. ತಳದ ತಗಡು ತುಕ್ಕು ಹಿಡಿದು ತಿಂದುಹೋಗಿ ನೆಲ ಕಾಣುತ್ತಿತ್ತು.

ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಮಗಳು ಅದನ್ನು ತುಂಡು ಮಾಡಿಸಿ ಗುಜರಿಗೆ ಹಾಕು ಎನ್ನುತ್ತಿದ್ದಳು. ಹಳೆ ಕಾರು ಸಂಗ್ರಹಿಸುವ ಪುಣೆಯವರೊಬ್ಬರು, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮಾಡಿಸಿ ಕೊಟ್ಟರೆ ತಗೊಳ್ಳುತ್ತೇನೆ ಎಂದಿದ್ದರು. "ನಿನಗೆ ಎಂತ ಅನ್ನಿಸ್ತದೆ?" ಎಂದು ಟೀಚರ್ ದೂರದಿಂದಲೇ ಕೇಳಿದರು.

ಆ ಎಂಜಿನ್ ನೋಡಿ ನನಗೆ ಆಸೆಯಾಗಿತ್ತು. "ರಿಪೇರಿ ಮಾಡುವಾ, ಟೀಚರ್. ಏನೂ ಆಗ್ಲಿಕ್ಕಿಲ್ಲ," ಎಂದೆ.

ಅವರು ಕೈ ಅಡ್ಡ ಮಾಡಿದರು. "ಹಾಗೆ ಹೇಳ್ಬೇಡ. ಆ ದಿನ ಅವರೂ ಹಾಗೆಯೇ ಹೇಳಿದ್ದು."

ಬಾವಿಕಟ್ಟೆಯ ಮೇಲೆ ಕುಳಿತು ಆ ದಿನದ್ದು ಹೇಳಿದರು. ಗಂಡಹೆಂಡತಿ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಕಾರಿನಲ್ಲಿ ವಾಪಸು ಬರುತ್ತಿದ್ದರು. ಗಂಡ ಎದೆ ಉಜ್ಜಿಕೊಳ್ಳುತ್ತಿದ್ದರು. ಎಂತಾಯಿತು ಎಂದರೆ, ಗ್ಯಾಸ್, ಏನೂ ಆಗ್ಲಿಕ್ಕಿಲ್ಲ ಎಂದರು. ಇಳಿಜಾರು ಶುರುವಾಗುವಲ್ಲಿ ಅವರ ತಲೆ ಸ್ಟೇರಿಂಗಿನ ಮೇಲೆ ಬಿತ್ತು.

"ಅದರ ಸ್ಟೇರಿಂಗ್ ಎಡಗಡೆ. ನಾನು ಬಲಗಡೆ ಕೂತಿದ್ದೆ. ಮಧ್ಯದಲ್ಲಿ ಹ್ಯಾಂಡ್‌ಬ್ರೇಕಿಗೆ ತಡಕಾಡಿದೆ. ಇರ್ಲಿಲ್ಲ. ಆ ಕಾರಿನಲ್ಲಿ ಅದು ಓಡಿಸುವವನ ಎಡಕಾಲಿನ ಹತ್ತಿರ ಉಂಟಂತೆ, ಆಗ ನನಗೆ ಗೊತ್ತಿರ್ಲಿಲ್ಲ. ಅವರ ಕಾಲುಗಳ ಮೇಲೆ ಬಗ್ಗಿ ಬ್ರೇಕನ್ನು ಕೈಯಲ್ಲಿ ಒತ್ತಿದೆ. ರಸ್ತೆ ಕಾಣುದಿಲ್ಲ. ಬೆನ್ನಿನ ಮೇಲೆ ಅವರ ಭಾರ."

ಕಾರು ಒಂದು ಮನೆಯ ಕಂಪೌಂಡಿಗೆ ಗುದ್ದಿ ನಿಂತಿತು. ಟೀಚರ ಮಣಿಕಟ್ಟು ಮುರಿಯಿತು; ಗಂಡನ ಎದೆಬಡಿತ ಅದಕ್ಕೆ ಮೊದಲೇ ನಿಂತಿತ್ತು. ಓಡಿಬಂದ ಜನ ಕಂಡದ್ದು, ಹೇಗೋ ಬಿಡಿಸಿಕೊಂಡು ಬಲಗಡೆಯ ಸೀಟಿಗೆ ಮರಳಿದ್ದ ಹೆಂಗಸನ್ನು. ನಮ್ಮಲ್ಲಿ ಆ ಜಾಗ ಡ್ರೈವರನದ್ದು. ಹೆಂಗಸು ಓಡಿಸಿ ತಂದು ಗುದ್ದಿದಳು ಎಂದು ಆ ಮನೆಯ ಯಜಮಾನರು ಕೂಗಿದರು. ಪೊಲೀಸರು ಸರಿಯಾಗಿಯೇ ಬರೆದುಕೊಂಡರೂ ಊರಿನ ಬಾಯಿಗೆ ಆ ಮಾತೇ ಹತ್ತಿತು.

"ಕಾರು ತೋರಿಸಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು," ಎಂದರು ಟೀಚರ್. "ಆದ್ರೆ ಆ ಬಾಗಿಲು ತೆಗೀಲಿಕ್ಕೆ ಹೆದರಿಕೆ."

ಎದ್ದು ಶೆಡ್ಡಿನ ಬಾಗಿಲವರೆಗೆ ಬಂದರು. "ರಿಪೇರಿ ಮಾಡು. ಮೊದಲು ನಿನಗೆ ಎಲ್ಲೆಲ್ಲಿ ಹೆದರಿಕೆ ಉಂಟು, ಬೆರಳಿಟ್ಟು ತೋರಿಸು."

ಕೊಳೆತ ತಳ, ಬ್ರೇಕಿನ ಪೈಪು, ತುಕ್ಕು ತುಂಬಿದ ಪೆಟ್ರೋಲ್ ಟ್ಯಾಂಕು ತೋರಿಸಿದೆ. ಎಲ್ಲ ಕೇಳಿ ತಮ್ಮ ತೀರ್ಮಾನ ಹೇಳಿದರು: ಸ್ಟೇರಿಂಗ್ ಎಡಗಡೆಯೇ ಇರಬೇಕು. ಇಬ್ಬರ ಕೈಗೂ ಸಿಗುವಂತೆ ಎರಡು ಸೀಟುಗಳ ಮಧ್ಯೆ ಹ್ಯಾಂಡ್‌ಬ್ರೇಕ್ ಕೂರಿಸಬೇಕು. ಹಾಗೆ ಮಾಡಿದರೆ ಕಾರಿನ ಮೂಲ ರೂಪವೇ ಹೋಗುತ್ತದೆ, ನನಗೆ ಬೇಡ ಎಂದರು ಪುಣೆಯವರು. "ಬೇಡದಿದ್ರೆ ಬೇಡ," ಎಂದು ಟೀಚರ್ ಫೋನಿಟ್ಟರು.

ಕೆಲಸ ಒಂದು ವರ್ಷ ಹಿಡಿಯಿತು. ಅವರು ಆಗಾಗ ರಿಕ್ಷಾ ಮಾಡಿಕೊಂಡು ಪಡೀಲಿಗೆ ಬರುತ್ತಿದ್ದರು. ಎಂಜಿನ್ ಮೊದಲ ಸಲ ಗುಡುಗಿದಾಗ ಕಿವಿ ಮುಚ್ಚಿಕೊಂಡು ರಸ್ತೆಯವರೆಗೆ ಓಡಿದರು. ಮುಂದಿನ ಸಲ ಗೇಟಿನ ಹತ್ತಿರ ನಿಂತರು. ಆಮೇಲೊಂದು ದಿನ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು. ಎಂಜಿನ್ ಆರಿಸುವವರೆಗೆ ತೆಗೆಯಲಿಲ್ಲ.

ಮನೆಗೆ ಒಯ್ಯುವ ದಿನ ಅದೇ ಇಳಿಜಾರಿನಲ್ಲಿ ಹೋಗಬೇಕೆಂದರು.

"ಬೇಡ ಟೀಚರ್."

"ನನಗೆ ಹೆದರಿಕೆ ಉಂಟು. ನಿನಗೆ?"

"ಉಂಟು."

"ಹಾಗಾದ್ರೆ ಮೆಲ್ಲ ಹೋಗುವ."

ಅವರು ಬಲಗಡೆ ಕುಳಿತರು. ಇಳಿಜಾರಿನ ಅರ್ಧದಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ಆಫ್ ಆಯಿತು. ಎಷ್ಟು ತೊಳೆದಿದ್ದರೂ ಟ್ಯಾಂಕಿನ ಕಸ ಪೆಟ್ರೋಲಿನ ದಾರಿಗೆ ಅಡ್ಡ ಬಂದಿರಬೇಕು. ಎಂಜಿನ್ನಿನ ಬಲ ಇಲ್ಲದೆ ಬ್ರೇಕಿನ ಪೆಡಲು ಕಲ್ಲಾಯಿತು. ಎರಡೂ ಕಾಲಿನಿಂದ ಒತ್ತಿದೆ. ಕಾರು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಎದುರಿಗೆ ಸ್ಕೂಟರಿನಲ್ಲಿ ತಾಯಿ ಮಗು ಅಡ್ಡ ದಾಟುತ್ತಿದ್ದರು. ಅಷ್ಟರಲ್ಲಿ ಟೀಚರ್ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಿದ್ದರು. ಹಿಂದಿನ ಚಕ್ರಗಳು ಕಿರುಚಿದವು. ಕಾರು ನಿಂತಿತು.

ಅವರ ಬೆರಳುಗಳು ಹಿಡಿ ಬಿಡಲಿಲ್ಲ. ನಾನೇ ಒಂದೊಂದಾಗಿ ಬಿಡಿಸಿದೆ.

ಸದ್ದು ಕೇಳಿ ಜನ ಹೊರಗೆ ಬಂದರು. ಕೆಳಗಿನ ಕಂಪೌಂಡಿನ ಗೇಟಿನಿಂದ ಕೋಲೂರಿಕೊಂಡು ಮುದುಕರೊಬ್ಬರು ಬಂದರು. ಅಂದು ಕೂಗಿದವರು ಅವರೇ. ಎಡಗಡೆ ಸ್ಟೇರಿಂಗ್ ಹಿಡಿದಿದ್ದ ನನ್ನನ್ನು ನೋಡಿದರು, ಬಲಗಡೆಯ ಟೀಚರನ್ನು ನೋಡಿದರು.

"ಟೀಚರಮ್ಮ, ಇದರ ಸ್ಟೇರಿಂಗ್ ಈ ಕಡೆಯಾ?"

"ಹೌದು. ಮೊದಲಿನಿಂದಲೂ."

ಅವರು ಬಗ್ಗಿ ಸ್ಟೇರಿಂಗನ್ನು ಮುಟ್ಟಿ ನೋಡಿದರು. "ನಾನು ಆ ದಿನ ಸರಿ ನೋಡ್ಲಿಲ್ಲ," ಎಂದರು.

"ಈಗ ನೋಡಿದ್ರಲ್ಲ," ಎಂದರು ಟೀಚರ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಟೀಚರ್ ಜ್ವರ ಬಂದು ಮಲಗಿದವರು ಏಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಧೈರ್ಯ ಹೇಳಿದಾಗ, "ಹೆದರಿಕೆ ಆಗ್ತದೆ ಡಾಕ್ಟ್ರೇ, ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳಿ," ಎಂದರಂತೆ. ಡಾಕ್ಟರು ಕೂತರಂತೆ. ಗುಜರಿಗೆ ಹಾಕು ಎಂದಿದ್ದ ಮಗಳು ಈಗ ರಜೆಯಲ್ಲಿ ಬಂದಾಗಲೆಲ್ಲ ಕಾರು ತೊಳೆಯುತ್ತಾಳೆ.

ಗಿರಾಕಿಗಳಿಗೆ "ಏನೂ ಆಗ್ಲಿಕ್ಕಿಲ್ಲ" ಎಂದು ಹೇಳುವುದು ನಮ್ಮ ಕಸುಬಿನಲ್ಲಿ ಅಭ್ಯಾಸ. ನಾನು ಬಿಟ್ಟಿದ್ದೇನೆ. ಕಳೆದ ತಿಂಗಳು ಶಾಲೆಯ ವ್ಯಾನಿನವನೊಬ್ಬ ಅವಸರದಲ್ಲಿದ್ದ. ಸಂಜೆಯೊಳಗೆ ಗಾಡಿ ಬೇಕೆಂದ. "ಕೊಡುದಿಲ್ಲ. ಇದರ ಬ್ರೇಕ್ ನೋಡಿದ್ರೆ ನನಗೆ ಹೆದರಿಕೆ ಆಗ್ತದೆ," ಎಂದೆ. ಮೆಕ್ಯಾನಿಕ್ ಆಗಿ ಹೆದರುವುದಾ ಎಂದು ಎಲ್ಲರೆದುರು ನಕ್ಕ, ಬೈದ. ವ್ಯಾನು ಗ್ಯಾರೇಜಿನಲ್ಲೇ ಉಳಿಯಿತು. ಮಕ್ಕಳು ಅಂದು ಸಿಟಿ ಬಸ್ಸಿನಲ್ಲಿ ಮನೆಗೆ ಹೋದರು.