ನಾನು ಹಾರಿಸಿದ ಸಾಲು

"ಅಕ್ಕೋರ, ನಿಮಗ ಓದಾಕ ಬರ್ತದಲ್ಲ, ಒಳಗ ಬರ್ರಿ!" ಎಂದು ಜೇನು ಮಾರುವ ಶಾಂತಾಬಾಯಿ ನನ್ನ ಕೈಹಿಡಿದು ಎಳೆದೇಬಿಟ್ಟಳು. ಆ ಭಾನುವಾರ ಕುರನೂರಿನ ಹತ್ತಿರದ ಹಿಂದೆ ಬೇಟೆಯಾಡಿ ಬದುಕುತ್ತಿದ್ದ ಪಾರಧಿ ಜನರ ವಸ್ತಿಗೆ ನಾನು ಹೋದದ್ದು ಜೇನುತುಪ್ಪಕ್ಕೆ. ಕುಳಿತದ್ದು ಅವರ ತಗಡಿನ ಚರ್ಚಿನಲ್ಲಿ, ಕೈಯಲ್ಲಿ ಕನ್ನಡ ಬೈಬಲ್ ಹಿಡಿದು! ಸೊಲ್ಲಾಪುರದಿಂದ ಬರಬೇಕಿದ್ದ ಪಾಸ್ಟರ್ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿತ್ತು. ಅಲ್ಲಿ ಯಾರಿಗೂ ಓದು ಬಾರದು. ವಾರವಿಡೀ ಕಾದವರು ವಾಕ್ಯ ಕೇಳದೆ ಏಳಲೊಲ್ಲರು.

ನಾನೋ ದಿನವೂ ಲಿಂಗಪೂಜೆ ಮಾಡುವ ನಿವೃತ್ತ ಶಿಕ್ಷಕಿ. ಕಳೆದುಹೋದ ಕುರಿಯನ್ನು ಕುರುಬ ಹುಡುಕಿ ತರುವ ಕತೆ ಶುರುಮಾಡಿದೆ. ಸಾಲುಸಾಲಿಗೂ 'ಆಮೆನ್' ಬೀಳುತ್ತಿದ್ದಂತೆ ನನಗೆ ಹುರುಪು ಏರಿ, ಓದು ಓಟವಾಯಿತು.

ತಟ್ಟನೆ ಆಮೆನ್ ನಿಂತಿತು. ಹಣ್ಣುಹಣ್ಣು ಮುದುಕಿಯೊಬ್ಬಳು ಎದ್ದು ಕೈ ಅಡ್ಡ ಹಿಡಿದಳು. "ನಿಲ್ರಿ ಅಕ್ಕೋರ! ಅವಾ ಹೆಗಲ ಮ್ಯಾಲ ಹೊತ್ಕೊಂಡಿದ್ದು ಬಿಟ್ರಿ. ಕುರಿ ಇನ್ನೂ ಅಡವ್ಯಾಗೇ ಅದ!"

ನೋಡಿದರೆ ನಿಜ, ಒಂದು ಸಾಲು ಹಾರಿತ್ತು. ಕೇಳಿ ಕೇಳಿ ಅವರಿಗೆ ಕತೆಯೆಲ್ಲ ಬಾಯಿಪಾಠ! ತಗಡು ನಡುಗುವಂತೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ಹಿಂದೆ ಹೋಗಿ ಕುರಿಯನ್ನು ಹೆಗಲಿಗೇರಿಸಿದ ಮೇಲೆಯೇ ಆಮೆನ್ ಸಿಕ್ಕಿತು.

ಮೂವತ್ತು ವರ್ಷ ಮಕ್ಕಳಿಗೆ "ಬೆರಳಿಟ್ಟು ಓದ್ರಿ" ಎಂದು ಗದರಿದವಳು ನಾನು. ಈಗ ಮನೆಯಲ್ಲಿ ಪುರಾಣ ಓದುವಾಗಲೂ ಬೆರಳಿಟ್ಟೇ ಓದುತ್ತೇನೆ.