ಅವರಾಚನ್ ಅಳಿಸಿದ ಮನುಷ್ಯ

ಕೇರಳದ ಪಾಲಾ ಪೇಟೆಯಲ್ಲಿ ಅವರಾಚನ್‌ಗೆ ಗೊತ್ತಿಲ್ಲದ ಮುಖವಿಲ್ಲ. ಅವನ ಮುಖ ಗೊತ್ತಿರುವವರು ಮಾತ್ರ ಬೆರಳೆಣಿಕೆಯಷ್ಟು ಜನ. ನನ್ನ ಸ್ಟುಡಿಯೋದ ಒಳಕೋಣೆಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು, ಊರಿನವರ ಮುಖ ತಿದ್ದುತ್ತಲೇ ಅವನ ಆಯುಷ್ಯ ಸವೆದಿದೆ. ಫೋಟೋ ತೆಗೆಯುವವನು ನಾನು. ನನ್ನ ಹೆಸರು ಬೇಬಿ. ಅರವತ್ತು ದಾಟಿದ ಮೇಲೂ ಬೇಬಿಯೇ; ನಮ್ಮ ಕಡೆ ಇದಕ್ಕೆ ಯಾರೂ ನಗುವುದಿಲ್ಲ.

ಅವನು ಕೆಲಸ ಕಲಿತದ್ದು ರೀಲಿನ ಕಾಲದಲ್ಲಿ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮೊಡವೆ ಮುಚ್ಚುವುದು, ಬೇಡದ್ದನ್ನು ಬ್ಲೇಡಿನ ಮೊನೆಯಿಂದ ಕೆರೆಯುವುದು. ಆಮೇಲೆ ಕಂಪ್ಯೂಟರ್ ಬಂತು, ಕೆಲಸ ಹಗುರವಾಗುತ್ತದೆ ಎಂದರು. ಹಗುರವಾಗಲಿಲ್ಲ, ರಾಶಿಯಾಯಿತು. ಮೊದಲು ಒಂದು ಮದುವೆಗೆ ಮೂರು ರೀಲು. ಈಗ ನಾನೇ ಬುಟ್ಟಿಗಟ್ಟಲೆ ತಂದು ಸುರಿಯುತ್ತೇನೆ. ಕತ್ತು ನೆಟ್ಟಗಾಗುವುದಿಲ್ಲ, ಕನ್ನಡಕದ ಗಾಜು ವರ್ಷವರ್ಷಕ್ಕೆ ದಪ್ಪವಾಗುತ್ತಿದೆ. ಮನೆಗೆ ಹೋದರೆ ಕಣ್ಣು ಮುಚ್ಚಿಕೊಂಡೇ ಊಟ ಮಾಡುತ್ತಾನೆ ಎಂದು ಅವನ ಹೆಂಡತಿ ರೋಸಮ್ಮನ ದೂರು. ಮೀನಿನ ಸಾರಿದ್ದರೂ ಅಷ್ಟೇಯಂತೆ.

ಹಾದಿಯಲ್ಲಿ ಯಾವುದಾದರೂ ಹೊಸ ಮದುಮಗಳು ಎದುರಾದರೆ ಅವನು ತಲೆ ತಗ್ಗಿಸುತ್ತಾನೆ. ಯಾಕೋ ಎಂದರೆ, ಆ ಹುಡುಗಿಯ ಕತ್ತಿನ ಮಚ್ಚೆ ತೆಗೆದವನು ತಾನು, ಈಗ ಅದು ಅಲ್ಲೇ ಇರುವುದನ್ನು ನೋಡಲು ಸಂಕೋಚವಾಗುತ್ತದೆ ಎನ್ನುತ್ತಾನೆ. ಇಂಥ ಮನುಷ್ಯನನ್ನು ಕಟ್ಟಿಕೊಂಡು ನಾನು ಅಂಗಡಿ ನಡೆಸುತ್ತಿದ್ದೇನೆ.

ನಮ್ಮ ಕ್ರೈಸ್ತರಿಗೆ ಮದುವೆಯಷ್ಟೇ ಸಾವಿನ ಫೋಟೋವೂ ಬೇಕು. ಅಂಗಳದ ಚಪ್ಪರದಡಿ ಶವದ ಪೆಟ್ಟಿಗೆ ಇಟ್ಟು, ಮನೆಯವರು ಸುತ್ತ ನಿಂತು, ಮಕ್ಕಳು ಒಂದು ಸಲ, ಸೊಸೆಯಂದಿರು ಒಂದು ಸಲ, ಮೊಮ್ಮಕ್ಕಳು ಒಂದು ಸಲ. ನಲವತ್ತೊಂದನೆಯ ದಿನದ ಊಟದ ಹೊತ್ತಿಗೆ ಆಲ್ಬಮ್ ಮನೆಯಲ್ಲಿರಬೇಕು. ಸತ್ತವರ ಮೂಗಿನ ಹತ್ತಿ ತೆಗೆಯುವುದು, ತುಟಿಗೆ ಒಂದಿಷ್ಟು ರಕ್ತದ ಬಣ್ಣ ತರುವುದು, ನೋಡಿದವರು ಮಲಗಿದ್ದಾರೆ ಅನ್ನುವ ಹಾಗೆ ಮಾಡುವುದು ಅವರಾಚನ್ ಪಾಲಿಗೆ. ಅಷ್ಟೇ ಆಗಿದ್ದರೆ ಸರಿ. ಜೀವಂತ ಇರುವವರನ್ನೂ ತೆಗೆಯಿರಿ ಎಂದು ಬರುತ್ತಾರೆ. ಬಿಟ್ಟುಹೋದ ಅಳಿಯ, ಕೋರ್ಟಿಗೆ ಹೋದ ಚಿಕ್ಕಪ್ಪ, ಮಾತು ನಿಂತ ನಾದಿನಿ. ಈ ಊರಲ್ಲಿ ಯಾರಿಗೆ ಯಾರು ಬೇಡ ಎನ್ನುವುದು ಪಾದ್ರಿಗಿಂತ ಚೆನ್ನಾಗಿ ಅವರಾಚನ್‌ಗೆ ಗೊತ್ತು. ಅವನು ಎದುರು ಮಾತಾಡಿದ್ದಿಲ್ಲ. ಹೇಳಿದವರನ್ನು ಅಳಿಸಿ, ಅವರ ಹಿಂದಿನ ಗೋಡೆಯನ್ನೋ ಬಾಳೆಗಿಡವನ್ನೋ ಆ ಜಾಗಕ್ಕೆ ಎಳೆದು, ಸಕ್ಕರೆಯಿಲ್ಲದ ಕರಿ ಚಹಾ ಕುಡಿಯುತ್ತಾನೆ.

ಕಳಪ್ಪುರದ ಪೋತ್ತಚ್ಚನ್ ತೀರಿಕೊಂಡಾಗಲೂ ಹೀಗೆಯೇ ಆಯಿತು. ರಬ್ಬರ್ ತೋಟದ ದೊಡ್ಡ ಮನೆ, ಎಂಟು ವರ್ಷ ಹಾಸಿಗೆ ಹಿಡಿದಿದ್ದ ಯಜಮಾನ. ಇಬ್ಬರು ಗಂಡುಮಕ್ಕಳು. ಹಿರಿಯವನು ಜೋಸ್‌ಕುಟ್ಟಿ ಮನೆಯಲ್ಲಿದ್ದ. ಕಿರಿಯವನು ರೆಜಿ ಪೆಂತಕೋಸ್ತಿನವರ ಹುಡುಗಿಯನ್ನು ಮದುವೆಯಾಗಿ, ನಮ್ಮ ಇಗರ್ಜಿ ಬಿಟ್ಟು ಅವರ ಸಭೆಗೇ ಸೇರಿಬಿಟ್ಟಿದ್ದ. ನಾನು ಬದುಕಿರುವ ತನಕ ಹೊಸಿಲು ತುಳಿಯಬೇಡ ಎಂದು ಅಪ್ಪ ಹೇಳಿದ್ದ, ಮಗ ತುಳಿದಿರಲಿಲ್ಲ. ಅಪ್ಪ ಹೋದ ದಿನ ಮಾತ್ರ ಏಟ್ಟುಮಾನೂರಿನಿಂದ ಒಬ್ಬನೇ ಬಂದ. ಯಾರ ಹತ್ತಿರವೂ ಮಾತಾಡದೆ ಪೆಟ್ಟಿಗೆಯ ಕಾಲ ಕಡೆ ಹೋಗಿ ನಿಂತು, ಅಪ್ಪನ ಕಾಲುಚೀಲದ ಮೇಲೆ ಕೈಯಿಟ್ಟ. ಸತ್ತ ಮನೆಯಲ್ಲಿ ಬಂದವರನ್ನು ಯಾರು ಎಳೆದು ಹಾಕುತ್ತಾರೆ? ನಾನು ತೆಗೆದ ಗುಂಪಿನ ಫೋಟೋಗಳಲ್ಲೆಲ್ಲ ಅವನಿದ್ದ.

ಅವನು ಬಂದದ್ದನ್ನು ಊರೆಲ್ಲ ನೋಡಿತು. ನೋಡದವಳು ತಾಯಿ ಏಲಿಕುಟ್ಟಿ ಒಬ್ಬಳೇ. ಅವಳು ಕುಸಿದುಬಿದ್ದಿದ್ದಳು, ಡಾಕ್ಟರು ಚುಚ್ಚಿದ ಸೂಜಿಯ ಮಂಪರಿನಲ್ಲಿ ಒಳಗೆ ಮಲಗಿದ್ದಳು. ಕೊನೆಯ ಮುತ್ತು ಕೊಡಿಸಲು ಇಬ್ಬರು ಹೆಂಗಸರು ಎತ್ತಿಕೊಂಡೇ ತಂದರು, ಎತ್ತಿಕೊಂಡೇ ಹೋದರು. ಎಚ್ಚರಾದ ಮೇಲೆ ಅವಳು ಕೇಳಿದ ಮೊದಲ ಮಾತು, ರೆಜಿ ಬಂದಿದ್ದನಾ ಎಂದು. ಬರಲಿಲ್ಲ ಎಂದ ಜೋಸ್‌ಕುಟ್ಟಿ. ಅಪ್ಪನ ಮುಖ ನೋಡಲೂ ಬಾರದ ಮಗನನ್ನು ಹೆತ್ತೆನಲ್ಲಾ ಎಂದು ಅವಳು ಅತ್ತಳಂತೆ. ಆಮೇಲೆ ಅವನ ಹೆಸರು ಎತ್ತಲಿಲ್ಲ; ಜೋಸ್‌ಕುಟ್ಟಿಯ ಮಾತಿಗೆ ಎದುರಾಗಿ ಅವಳ ಮುಂದೆ ಊರವರೂ ಎತ್ತಲಿಲ್ಲ.

ಮರುದಿನ ಜೋಸ್‌ಕುಟ್ಟಿ ನಮ್ಮ ಒಳಕೋಣೆಯಲ್ಲಿ ಕೂತಿದ್ದ. ಕೆಟ್ಟವನಲ್ಲ, ದಣಿದವನು. ಒಂದೂ ಬಿಡದೆ ಎಲ್ಲದರಿಂದಲೂ ತಮ್ಮನನ್ನು ತೆಗೆದುಬಿಡಬೇಕು ಎಂದ. ಅವರಾಚನ್ ಕಣ್ಣು ಸ್ಕ್ರೀನಿನಿಂದ ಎತ್ತದೆ, ಬಂದಿದ್ದನಲ್ಲ ಎಂದ.

"ಎಂಟು ವರ್ಷ ಅಪ್ಪನ ಹೇಲು ಉಚ್ಚೆ ಬಾಚಿದವನು ನಾನು, ಅವರಾಚನ್ ಚೇಟಾ. ಫೋಟೋದಲ್ಲಿ ಕಾಲು ಹಿಡ್ಕೊಂಡು ನಿಲ್ಲೋಕೆ ಅವನಾ?" ಎಂದ ಜೋಸ್‌ಕುಟ್ಟಿ. ಅವನ ಮಾತಿನಲ್ಲಿ ನ್ಯಾಯವಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಅವರಾಚನ್ ಅಳಿಸಿದ. ಸುಲಭದ ಕೆಲಸವಲ್ಲ, ರೆಜಿಯ ತೋಳು ಅತ್ತಿಗೆಯ ಸೆರಗಿಗೆ ತಾಗಿತ್ತು, ಕೈ ಅಪ್ಪನ ಪಾದದ ಮೇಲಿತ್ತು. ಆ ಕೈ ತೆಗೆದು, ಅದರಡಿಯ ಕಾಲುಚೀಲವನ್ನು ಹೊಸದಾಗಿ ಹುಟ್ಟಿಸಬೇಕಿತ್ತು. ವಾರವಿಡೀ ಬೆನ್ನು ಬಗ್ಗಿಸಿ ಮಾಡಿದ. ನಾನು ನೋಡಿದೆ, ಎಲ್ಲೂ ಒಂದು ನೆರಳೂ ಉಳಿದಿರಲಿಲ್ಲ. ಹಾಳು ಪ್ರತಿಭೆ.

ಇಲ್ಲಿಗೆ ನನ್ನ ಬುದ್ಧಿವಂತಿಕೆ ಬಂತು. ಹಳೆಯ ಸಾಫ್ಟ್‌ವೇರಿಗೆ ವರ್ಷವರ್ಷ ಬಾಡಿಗೆ ಕಟ್ಟಿ ನನಗೆ ಸಾಕಾಗಿತ್ತು. ಒಮ್ಮೆ ಕೊಂಡರೆ ನಮ್ಮದೇ ಎನ್ನುವ ಹೊಸದೊಂದನ್ನು ಹಾಕಿಸಿದೆ. ಹಳೆಯದರಲ್ಲಿ ಮಾಡಿದ್ದೆಲ್ಲ ತಾನೇ ತಾನಾಗಿ ಬರುತ್ತದೆ ಎಂದು ಹಾಕಿಕೊಟ್ಟವನು ಹೇಳಿ ಹೋದ. ಅವರಾಚನ್ ಮಾತ್ರ, ಬರುತ್ತಾ ಎಂದು ಒಂದೇ ಮಾತು ಕೇಳಿದ್ದ. ಬರದೆ ಏನು, ಎಂದೆ ನಾನು.

ಬರಲಿಲ್ಲ. ಹೊಸದರಲ್ಲಿ ಫೋಟೋ ತೆರೆದರೆ ತಿದ್ದಿದ ಗುರುತೇ ಇಲ್ಲ. ಮದುಮಕ್ಕಳ ಮೊಡವೆಗಳೆಲ್ಲ ಹಿಂದಿರುಗಿದ್ದವು, ಅಜ್ಜಂದಿರ ಮೂಗಿನಲ್ಲಿ ಹತ್ತಿ ಹಿಂದಿರುಗಿತ್ತು. ಕಳಪ್ಪುರದ ಅಂಗಳದಲ್ಲಿ, ಅಪ್ಪನ ಕಾಲ ಬಳಿ, ರೆಜಿ ನಿಂತಿದ್ದ.

ಮೊದಲು ಬೇರೆ ಫೋಲ್ಡರ್ ತೆರೆದಿರಬೇಕು ಅಂದುಕೊಂಡೆವು. ಅದೇ ಫೋಲ್ಡರ್. ಕಂಪ್ಯೂಟರ್ ಆರಿಸಿ ಹಚ್ಚಿದೆವು. ಹಾಕಿಕೊಟ್ಟವನಿಗೆ ಫೋನ್ ಮಾಡಿದರೆ, ಅದನ್ನು ಒತ್ತಿ ಇದನ್ನು ಒತ್ತಿ ಎಂದ. ಒತ್ತಿದಾಗ ಕತ್ತರಿಸಿದ ಅಂಚುಗಳು ಬಂದವು, ಆಯ್ದ ಫೋಟೋಗಳಿಗೆ ಹಾಕಿಟ್ಟ ನಕ್ಷತ್ರದ ಗುರುತುಗಳು ಬಂದವು, ಬೆಳಕು ಅರ್ಧಂಬರ್ಧ ಬಂದು ಎಲ್ಲರೂ ಕಾಮಾಲೆಯವರ ಹಾಗೆ ಕಂಡರು. ಅಳಿಸಿದ ಕೆಲಸ ಮಾತ್ರ ಬರಲಿಲ್ಲ. ದಿನಗಳು ಹೀಗೇ ಹೋದವು. ನಾನು ರೇಗಾಡಿದೆ, ಅವರಾಚನ್ ಸುಮ್ಮನೆ ಒಂದೊಂದಾಗಿ ಫೋಟೋ ತೆರೆದು ಮುಚ್ಚುತ್ತಿದ್ದ. ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೂ ವಾಸಿಯಿತ್ತು.

ಕೊನೆಗೆ ಅವನಿಗೇ ಹೊಳೆಯಿತು. ನಾವು ತೆಗೆಯುವುದು ರಾ ಫೈಲು. ಕ್ಯಾಮೆರಾ ಕಂಡದ್ದು ಕಂಡ ಹಾಗೇ ಅದರಲ್ಲಿರುತ್ತದೆ. "ನಾವು ಏನ್ ತಿದ್ದಿದ್ರೂ ಅದಕ್ಕೆ ತಾಗೋದೇ ಇಲ್ಲ, ಬೇಬಿಚ್ಚಾ. ಇವನನ್ನ ಅಳಿಸು, ಅಲ್ಲಿ ಬೆಳಕು ಹಾಕು ಅಂತ ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟಿರುತ್ತೆ, ಅಷ್ಟೇ. ಹಳಬ ಬರೆದ ಚೀಟಿ ಹೊಸಬನಿಗೆ ಓದೋಕೆ ಬರಲ್ಲ," ಎಂದ. ಆಮೇಲೆ ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. "ಇಷ್ಟು ವರ್ಷ ನಾನು ಯಾರನ್ನೂ ತೆಗೆದೇ ಇಲ್ಲ ನೋಡು. ಎಲ್ಲರೂ ಅಲ್ಲಲ್ಲೇ ನಿಂತಿದಾರೆ."

ದಾರಿ ಒಂದಿತ್ತು. ಹಳೆಯದಕ್ಕೇ ಮತ್ತೆ ಒಂದು ತಿಂಗಳ ಬಾಡಿಗೆ ಕಟ್ಟಿ, ಅದರಲ್ಲಿ ತೆರೆದು, ತಿದ್ದಿದ್ದೆಲ್ಲ ಫೋಟೋದೊಳಗೇ ಬೆರೆತುಹೋಗುವ ಹಾಗೆ ಪ್ರತಿ ತೆಗೆದು, ಆ ಪ್ರತಿಯನ್ನು ಹೊಸದಕ್ಕೆ ತರುವುದು. ಹಲ್ಲು ಕಚ್ಚಿಕೊಂಡು ಕಟ್ಟಿದೆ. ಹಳೆಯದು ತೆರೆದಾಗ ಎಲ್ಲವೂ ಇಟ್ಟಲ್ಲೇ ಇತ್ತು. ಅವರಾಚನ್ ಒಂದೊಂದೇ ಮದುವೆಯನ್ನು, ನಾಮಕರಣವನ್ನು, ಸಾವನ್ನು ಈಚೆಗೆ ದಾಟಿಸಿದ. ನನ್ನ ಜೀವ ಬಂದ ಹಾಗಾಯಿತು.

ನಲವತ್ತೊಂದನೆಯ ದಿನ ಹತ್ತಿರ ಬಂದಿತ್ತು. ಕಳಪ್ಪುರದ ಆಲ್ಬಮ್ ಎಲ್ಲಿ ಎಂದು ಕೇಳಿದೆ. ಹಾಳೆಗಳು ಪ್ರಿಂಟಿಗೆ ಹೋಗಲು ಸಿದ್ಧವಿದ್ದವು. ತುಟಿಗೆ ಬಣ್ಣ ಬಂದಿತ್ತು, ಹತ್ತಿ ಹೋಗಿತ್ತು. ರೆಜಿ ಇದ್ದ. ಹತ್ತಿಯನ್ನು ಅವರಾಚನ್ ಹೊಸದರಲ್ಲೇ ಕೂತು ಕೈಯಾರೆ ಮತ್ತೆ ತೆಗೆದಿದ್ದ. ಇದೊಂದನ್ನು ಮಾತ್ರ ಹಳೆಯದರಿಂದ ತಂದಿರಲಿಲ್ಲ.

ಇದು ಯಾಕೆ ಬಂದಿಲ್ಲ ಎಂದೆ. ನಾನು ತರಲಿಲ್ಲ ಎಂದ.

ನನಗೆ ಮೈ ಉರಿಯಿತು. ಬೋರ್ಡಿನ ಮೇಲಿರುವುದು ನನ್ನ ಹೆಸರು, ನಾಳೆ ಜೋಸ್‌ಕುಟ್ಟಿ ಕೊರಳಪಟ್ಟಿ ಹಿಡಿಯುವುದು ನನ್ನದು, ಇವನು ಒಳಗೆ ಕೂತು ಧರ್ಮರಾಯನಾಗುತ್ತಾನೆ. ಊರ ಉಸಾಬರಿ ನಮಗ್ಯಾಕೆ, ಹೇಳಿದಷ್ಟು ಮಾಡುವುದು ನಮ್ಮ ಕೆಲಸ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ.

"ಒಂದು ಸಲ ಅಳಿಸಿದೆ. ಅದು ಕೆಲಸ," ಎಂದ. "ಅವನು ವಾಪಸ್ ಬಂದು ನಿಂತ, ಬೇಬಿಚ್ಚಾ. ಅಪ್ಪನ ಕಾಲು ಹಿಡ್ಕೊಂಡು ನಿಂತವನನ್ನ ಮತ್ತೆ ಆಚೆ ಕಳಿಸೋದು ಅಂದ್ರೆ, ಅದು ಕೆಲಸ ಅಲ್ಲ. ನಂಗೆ ಸುಸ್ತಾಗಿದೆ. ನಿಂಗೆ ಬೇಕಾದ್ರೆ ನೀನೇ ಮಾಡು. ಹಳೇದು ತೆರೆದಿಟ್ಟಿದೀನಿ, ಒಂದೇ ಬಟನ್."

ಎದ್ದು, ಕೊಡೆ ತೆಗೆದುಕೊಂಡು, ಚಹಾಕ್ಕೆ ಹೋದ. ನಾನು ಅವನ ಕುರ್ಚಿಯಲ್ಲಿ ಕೂತೆ. ಒಂದು ಕಡೆ ರೆಜಿ ಇಲ್ಲದ ಅಂಗಳ, ಒಂದು ಕಡೆ ರೆಜಿ ಇರುವ ಅಂಗಳ. ಆ ಫೋಟೋ ತೆಗೆದವನು ನಾನೇ. ಅಂದು ಅವನ ಭುಜ ನಡುಗುತ್ತಿದ್ದುದರಿಂದ ಎರಡು ಸಲ ತೆಗೆಯಬೇಕಾಗಿತ್ತು. ಅವರಾಚನ್‌ಗೆ ಶಾಪ ಹಾಕುತ್ತಾ ಹಳೆಯದನ್ನು ಮುಚ್ಚಿದೆ. ಹಾಳೆಗಳು ಇದ್ದ ಹಾಗೇ ಪ್ರಿಂಟಿಗೆ ಹೋದವು.

ಜೋಸ್‌ಕುಟ್ಟಿಯನ್ನು ಮೊದಲೇ ಪಕ್ಕಕ್ಕೆ ಕರೆದು ಹೇಳಿಬಿಡುವುದೆಂದು ನನ್ನ ಲೆಕ್ಕ. ಆದರೆ ಆ ದಿನ ಬೆಳಗ್ಗೆ ಇಗರ್ಜಿಯಲ್ಲಿ ಪೂಜೆ, ಸಮಾಧಿಯ ಬಳಿ ಪ್ರಾರ್ಥನೆ, ಆಮೇಲೆ ಮನೆಯಲ್ಲಿ ಊಟದ ಗಡಿಬಿಡಿ. ಅವನು ಕೈಗೆ ಸಿಗಲಿಲ್ಲ. ಎಲ್ಲೂ ಹೋಗದ ಅವರಾಚನ್ ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು, ಆಲ್ಬಮನ್ನು ತಾನೇ ಎತ್ತಿಕೊಂಡು ನನ್ನ ಜೊತೆ ಬಂದಿದ್ದ. ಜಗಲಿಯಲ್ಲಿ ಬಿಳಿ ಸೀರೆಯುಟ್ಟು ಕೂತಿದ್ದ ಏಲಿಕುಟ್ಟಿ ಅದನ್ನು ನೋಡಿ, ಇಲ್ಲಿ ಕೊಡು ಎಂದು ಕೈಚಾಚಿದಳು. ಅವರಾಚನ್ ಅವಳ ಮಡಿಲಲ್ಲಿಟ್ಟ. ಚಪ್ಪರದಲ್ಲಿ ಎಲೆ ಹಾಕಿ ಜನ ಕೂತಿದ್ದರು. ಸಾರಿನ ಬಕೆಟ್ ಹಿಡಿದ ಜೋಸ್‌ಕುಟ್ಟಿ ನಮ್ಮನ್ನು ಕಂಡು ಹತ್ತಿರ ಬಂದ.

ಅವಳು ಒಂದೊಂದೇ ಹಾಳೆ ತಿರುವಿದಳು. ಗಂಡನ ಮುಖವನ್ನು ಬೆರಳಿನಿಂದ ಸವರಿದಳು. ಗುಂಪಿನ ಫೋಟೋ ಬಂದಾಗ ಬೆರಳು ಗಂಡನ ಮುಖದಿಂದ ಕೆಳಗಿಳಿದು, ಕಾಲ ಹತ್ತಿರ ಬಂದು ನಿಂತಿತು. ಜೋಸ್‌ಕುಟ್ಟಿ ನನ್ನ ಕಡೆ ನೋಡಿದ. ಆ ನೋಟ ನನಗೆ ಈಗಲೂ ಬೇಡ. ನಾನು ನೆಲ ನೋಡಿದೆ. ಅವಳು ಅಳುತ್ತಾಳೆ, ಕಿರುಚುತ್ತಾಳೆ, ಯಾಕೆ ಸುಳ್ಳು ಹೇಳಿದೆ ಎಂದು ಮಗನನ್ನು ಕೇಳುತ್ತಾಳೆ ಎಂದು ಕಾದೆ.

"ರೆಜಿ ಸೊರಗಿದಾನೆ," ಎಂದಳು. ಮಣ್ಣು ಮಾಡಿ ಬಂದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕೂತು ಗಂಜಿ ಕುಡಿಯುವುದು ನಮ್ಮಲ್ಲಿ ಪದ್ಧತಿ. ಅವಳು ಕೇಳಿದ್ದು ಅದನ್ನೇ. "ಜೋಸ್‌ಕುಟ್ಟೀ, ಅವತ್ತು ಅವನಿಗೆ ಯಾರಾದ್ರೂ ಗಂಜಿ ಕೊಟ್ರಾ?"

ಜೋಸ್‌ಕುಟ್ಟಿ ಬಕೆಟ್ ಕೆಳಗಿಟ್ಟ.

"ಇಲ್ಲ, ಅಮ್ಮಚ್ಚಿ."

"ಹಾಗಾದ್ರೆ ಬಡಿಸೋದು ನಿಲ್ಸು. ಅವನು ಬಂದು ಕೂರ್ಲಿ, ಆಮೇಲೆ ಎಲ್ಲರಿಗೂ ಬಡಿಸು."

ಏಟ್ಟುಮಾನೂರಿನಿಂದ ಬರಲು ಒಂದು ಗಂಟೆಯಾದರೂ ಬೇಕು. ಪಾದ್ರಿಯೂ ಎಲೆಯ ಮುಂದೆ ಕೂತಿದ್ದರು, ಅನ್ನ ಆರುತ್ತಿತ್ತು. ಜೋಸ್‌ಕುಟ್ಟಿ ಅಂಗಳದಲ್ಲಿ, ಅಪ್ಪನ ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲೇ ನಿಂತು ಜೇಬಿನಿಂದ ಫೋನ್ ತೆಗೆದ. ತಮ್ಮನ ಹೆಸರು ಅದರಲ್ಲಿರಲಿಲ್ಲ. ಅಂಕಿಗಳನ್ನು ಒಂದೊಂದಾಗಿ, ಎಲ್ಲೂ ತಡೆಯದೆ ಒತ್ತಿದ, ಅವನಿಗೆ ಬಾಯಿಪಾಠವಿತ್ತು.